ಫ್ಲಟರ್‌ಗೆ ಮುಂದೆ ಏನು ಬೇಕು? ಟೈಪ್ ಮಾಡಿದ ಕನ್ನಡ ಕಾಗದದ ಮೇಲೂ ಹಾಗೇ ಬರಲಿ

ಬೆಲ್ಲದ ಪೆಂಟೆ, ಮಹಾಲಿಂಗಪುರ

ಎಲ್ಲರಿಗೂ ನಮಸ್ಕಾರ. ಫ್ಲಟರ್ ಅಂದರೆ ಒಂದೇ ಕೋಡ್ ಬರೆದು ಫೋನಿಗೂ ಕಂಪ್ಯೂಟರ್‌ಗೂ ಆ್ಯಪ್ ಕಟ್ಟುವ ಗೂಗಲ್‌ನ ಟೂಲ್‌ಕಿಟ್. ಫ್ಲಟರ್‌ಗೆ ಮುಂದೆ ಏನೇನು ಬೇಕು ಅಂತ ಜನ ಬರೆಯುವ ಪಟ್ಟಿಗಳನ್ನು ನೋಡುತ್ತಲೇ ಇರುತ್ತೇನೆ. ಹೊಸ ಅನಿಮೇಶನ್, ಹೊಸ ಥೀಮ್, ಸ್ಟೇಟ್ ಮ್ಯಾನೇಜ್‌ಮೆಂಟ್. ಬರಲಿ, ಬೇಡ ಅನ್ನುವುದಿಲ್ಲ. ಆದರೆ ನಾನು ಬೆಲ್ಲದ ಅಡತಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವವನು. ನನಗೆ ಬೇಕಾದದ್ದು ಒಂದೇ. ಪೆಟ್ಟಿಗೆಯಲ್ಲಿ ಟೈಪ್ ಮಾಡಿದ ಕನ್ನಡ, ಪರದೆಯ ಮೇಲೆ ಕಾಣುವ ಕನ್ನಡ, ಕಾಗದದ ಮೇಲೆ ಬರುವ ಕನ್ನಡ, ಮೂರೂ ಒಂದೇ ಆಗಿರಬೇಕು. ಈಗ ಹಾಗಿಲ್ಲ.

ನಡೆದದ್ದು ಹೇಳುತ್ತೇನೆ. ಹೋದ ಹಂಗಾಮಿನಲ್ಲಿ ಒಂದು ಅಂಗಡಿಗೆ ವಿಂಡೋಸ್ ಆ್ಯಪ್ ಮಾಡಿಕೊಟ್ಟೆ. ಅದೇ ಕೋಡ್ ಮಾಲೀಕರ ಫೋನಿನಲ್ಲೂ ಓಡುತ್ತದೆ, ಅದಕ್ಕೇ ಫ್ಲಟರ್ ಆರಿಸಿದ್ದು. ಪರದೆಯ ಮೇಲೆ ಎಲ್ಲ ಚೆನ್ನಾಗಿತ್ತು. ಮೊದಲ ದಿನ ರೈತರೊಬ್ಬರಿಗೆ ಲೆಕ್ಕದ ಪಟ್ಟಿ ಪ್ರಿಂಟ್ ಕೊಟ್ಟೆವು. ಅವರ ಹೆಸರಿನಲ್ಲಿದ್ದ 'ಶ್ರೀಶೈಲ' ಕಾಗದದ ಮೇಲೆ 'ಶ್‌ರೀಶೈಲ' ಅಂತ ಬಂತು. 'ಒಟ್ಟು' ಅನ್ನುವುದು 'ಒಟ್‌ಟು' ಆಯಿತು. ಗುಣಿತದ ಗುರುತುಗಳು ಅಕ್ಷರದಿಂದ ಕಿತ್ತುಕೊಂಡು ಪಕ್ಕಕ್ಕೆ ನಿಂತಿದ್ದವು. ಇಡೀ ಹಾಳೆಯಲ್ಲಿ 'ದರ' ಅನ್ನುವ ಎರಡಕ್ಷರ ಮಾತ್ರ ಸರಿ ಇತ್ತು. ಅವರು ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದು, ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಓದಿ, "ತಮ್ಮಾ, ಇದು ನನ್ನ ಹೆಸರಲ್ಲ" ಅಂತ ವಾಪಸ್ ಕೊಟ್ಟರು. ಗುಮಾಸ್ತರು ಅವತ್ತು ಎಲ್ಲ ಪಟ್ಟಿಗಳನ್ನೂ ಕೈಯಿಂದ ಬರೆದರು.

ಕಾರಣ ಹುಡುಕಲು ಎರಡು ರಾತ್ರಿ ಹಿಡಿಯಿತು. ಪರದೆಯ ಮೇಲೆ ಅಕ್ಷರ ಬರೆಯುವುದು ಫ್ಲಟರ್‌ನ ಎಂಜಿನ್. ಅದರೊಳಗೆ ಹಾರ್ಫ್‌ಬಜ್ ಅನ್ನುವ ಲೈಬ್ರರಿ ಇದೆ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರಲ್ಲೂ ಅದೇ ಇರುವುದು. ಶ, ಹಲಂತ, ರ, ಈ-ಸ್ವರದ ಗುರುತು ಅಂತ ನಾಲ್ಕು ಸಂಕೇತ ಸಾಲಾಗಿ ಬಂದರೆ, ಫಾಂಟಿನೊಳಗಿನ ನಿಯಮ ಓದಿ 'ಶ್ರೀ' ಅನ್ನುವ ಆಕಾರ ಕಟ್ಟುವುದು ಅದರ ಕೆಲಸ. ಆದರೆ ಪಿಡಿಎಫ್ ಮಾಡುವ ಡಾರ್ಟ್ (ಫ್ಲಟರ್ ಆ್ಯಪ್ ಬರೆಯುವ ಭಾಷೆ) ಪ್ಯಾಕೇಜು ಎಂಜಿನ್ ಹತ್ತಿರ ಹೋಗುವುದೇ ಇಲ್ಲ. ತಾನೇ ಫಾಂಟ್ ತೆರೆದು, ಒಂದು ಸಂಕೇತಕ್ಕೆ ಒಂದು ಚಿತ್ರ ಅಂತ ಜೋಡಿಸುತ್ತದೆ. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡಕ್ಕೆ ಸಾಲದು. ಪ್ಯಾಕೇಜು ಬರೆದವರನ್ನು ನಾನು ದೂರುವುದಿಲ್ಲ. ಪುಕ್ಕಟೆ ಕೊಟ್ಟಿದ್ದಾರೆ, ಎಷ್ಟೋ ಜನರ ಹೊಟ್ಟೆ ತುಂಬಿಸಿದ್ದಾರೆ. ಎಂಜಿನ್ ತನ್ನೊಳಗೆ ಕಟ್ಟಿದ ಆಕಾರಗಳನ್ನು ಹೊರಗೆ ಕೊಡುವುದಿಲ್ಲ, ಅದೇ ತೊಂದರೆ.

ಹಾಗಾಗಿ ನನ್ನ ಮೊದಲ ಬೇಡಿಕೆ ಇದು. ಒಂದು ವಾಕ್ಯ ಕೊಟ್ಟರೆ ಯಾವ ಗ್ಲಿಫ್ (ಫಾಂಟಿನೊಳಗಿನ ಅಕ್ಷರದ ಚಿತ್ರ), ಯಾವ ಜಾಗದಲ್ಲಿ, ಎಷ್ಟು ಅಗಲ ಅನ್ನುವ ಪಟ್ಟಿಯನ್ನು ಎಂಜಿನ್ ನಮಗೆ ವಾಪಸ್ ಕೊಡಲಿ. ಇಷ್ಟು ಸಿಕ್ಕರೆ ಪಿಡಿಎಫ್ ಮಾಡುವವರು, ಲೇಬಲ್ ಮಾಡುವವರು ಎಲ್ಲರೂ ತಮ್ಮ ತಮ್ಮ ಕೆಲಸ ಸರಿ ಮಾಡಿಕೊಳ್ಳುತ್ತಾರೆ. ನಿಮ್ಮ ನಿಮ್ಮ ಅನುಭವ ಬರೆಯಿರಿ. ಬಾಯಿಮಾತಿಗಿಂತ ನಡೆದದ್ದು ಬರೆದರೆ ಒಳ್ಳೆಯದು, ಮುಂದೆ ಫ್ಲಟರ್‌ನವರಿಗೆ ಇಶ್ಯೂ (ದೂರು, ಬೇಡಿಕೆ) ಹಾಕುವಾಗ ಬೇಕಾಗುತ್ತದೆ.

ಉದ್ಯಮಬಾಗ ಬೋಲ್ಟು, ಬೆಳಗಾವಿ

ಪೆಂಟೆ ಸರ, ಒಳ್ಳೆ ಕೆಲಸ ಶುರು ಮಾಡಿದಿರಿ. ನಾನು ಕ್ಯೂಟಿ ಕಡೆಯವನು, ಅದೂ ಫ್ಲಟರ್ ಹಾಗೆ ಆ್ಯಪ್ ಕಟ್ಟುವ ಟೂಲ್‌ಕಿಟ್. ಫೌಂಡ್ರಿ, ಮಶೀನ್ ಶಾಪ್‌ಗಳಿಗೆ ಯಂತ್ರದ ಪಕ್ಕ ಕೂರಿಸುವ ಟಚ್ ಪರದೆಯ ಆ್ಯಪ್ ಮಾಡುತ್ತೇನೆ. ಹೋದ ವರ್ಷ ಒಂದು ಕೆಲಸವನ್ನು ಫ್ಲಟರ್‌ನಲ್ಲಿ ಮಾಡಿ ನೋಡಿದೆ, ಅದಕ್ಕೇ ಎರಡೂ ಕಡೆ ಹೇಳಬಲ್ಲೆ.

ಕ್ಯೂಟಿಯಲ್ಲಿ ಈ ತೊಂದರೆ ಇಲ್ಲ. ಪರದೆಗೆ ಬರೆಯುವ ಪೇಂಟರ್ ಅನ್ನುವ ಕೋಡಿನಿಂದಲೇ ಪ್ರಿಂಟರ್‌ಗೂ ಬರೆಯುತ್ತೇವೆ, ಪಿಡಿಎಫ್‌ಗೂ ಬರೆಯುತ್ತೇವೆ. ಒಂದೇ ಕೈ, ಮೂರು ಕಾಗದ. ಹಾರ್ಫ್‌ಬಜ್ ಅಲ್ಲೂ ಇದೆ, ಮೂರೂ ಕಡೆ ಕೆಲಸ ಮಾಡುತ್ತದೆ. ನಮ್ಮ ಒಂದು ವರದಿಯಲ್ಲಿ 'ಎರಕ', 'ತಿರಸ್ಕೃತ', 'ದುರಸ್ತಿ' ಅಂತ ಕಾಲಮ್ಮುಗಳಿವೆ, ಇವತ್ತಿನವರೆಗೆ ಒಂದಕ್ಷರ ಕೆಟ್ಟಿಲ್ಲ. ಆದರೆ ಕ್ಯೂಟಿ 1995ರಿಂದ ಹೊರಗಿರುವ ಟೂಲ್‌ಕಿಟ್. ಡೆಸ್ಕ್‌ಟಾಪಿಗಾಗಿಯೇ ಹುಟ್ಟಿದ್ದು. ಫ್ಲಟರ್ 1.0 ಬಂದದ್ದು 2018ರ ಡಿಸೆಂಬರ್‌ನಲ್ಲಿ, ಅದೂ ಫೋನಿಗೆ. ವಿಂಡೋಸ್ ಪಕ್ಕಾ ಆದದ್ದು 2022ರ ಫೆಬ್ರವರಿ, ಮ್ಯಾಕ್ ಮತ್ತು ಲಿನಕ್ಸ್ ಅದೇ ವರ್ಷದ ಮೇ ತಿಂಗಳು. ಫೋನಿನಲ್ಲಿ ಪ್ರಿಂಟ್ ಯಾರು ಮಾಡುತ್ತಾರೆ? ಹಾಗಾಗಿ ಪ್ರಿಂಟ್ ಅನ್ನುವುದು ಎಂಜಿನ್ ಮಾಡುವವರ ತಲೆಯಲ್ಲಿ ಕೊನೆಗೆ ಉಳಿದಿದೆ ಅಂತ ನನಗೆ ಅನ್ನಿಸುತ್ತದೆ.

ಒಂದು ಸಣ್ಣ ಭಿನ್ನ ಅಭಿಪ್ರಾಯ. ನೀವು ಗ್ಲಿಫ್ ಪಟ್ಟಿ ಕೇಳುತ್ತಿದ್ದೀರಿ. ಅದಕ್ಕಿಂತ ಸುಲಭದ ದಾರಿ ಇದೆ ಅಲ್ವಾ? ಫ್ಲಟರ್ ಚಿತ್ರ ಬರೆಯಲು ಬಳಸುವ ಸ್ಕಿಯಾ ಲೈಬ್ರರಿಗೆ ಪಿಡಿಎಫ್ ಬರೆಯಲು ಮೊದಲೇ ಬರುತ್ತದೆ. ಕ್ರೋಮ್‌ನಲ್ಲಿ ಪ್ರಿಂಟ್ ಕೊಟ್ಟು ಪಿಡಿಎಫ್ ಉಳಿಸಿದರೆ ಅದನ್ನು ಬರೆಯುವುದೇ ಸ್ಕಿಯಾ. ಆ ಬಾಗಿಲನ್ನು ಫ್ಲಟರ್‌ನಲ್ಲಿ ತೆರೆದರೆ ಸಾಕಲ್ಲ.

ನಿಜವಾಗಿ ನನಗೆ ಫ್ಲಟರ್‌ನಲ್ಲಿ ಜಾಸ್ತಿ ಕಾಡಿದ್ದು ಬೇರೆ: ಎರಡನೇ ಕಿಟಕಿ. ಒಂದು ಪರದೆಯಲ್ಲಿ ಯಂತ್ರದ ಸ್ಥಿತಿ, ಇನ್ನೊಂದರಲ್ಲಿ ಸೂಪರ್‌ವೈಸರ್ ವರದಿ, ಇಷ್ಟೇ ಬೇಕಿತ್ತು. ಒಂದು ಆ್ಯಪ್ ಅಂದರೆ ಒಂದು ಕಿಟಕಿ ಅಂತ ಅಂದುಕೊಂಡು ಕಟ್ಟಿದ ಮನೆ ಇದು. ಕೆನಾನಿಕಲ್‌ನವರು, ಅಂದರೆ ಉಬುಂಟು ಮಾಡುವವರು, ಬಹುಕಿಟಕಿಯ ಕೆಲಸ ಹಿಡಿದಿದ್ದಾರೆ. ಅದು ಪೂರ್ತಿ ಆದ ದಿನ ನಾನು ಮತ್ತೆ ಬರುತ್ತೇನೆ.

ಒಣದ್ರಾಕ್ಷಿ ಲೆಕ್ಕ, ವಿಜಯಪುರ

ನಾನೂ ಸೇರುತ್ತೇನೆ. ನಮ್ಮದು ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜ್‌ಗಳ ಆ್ಯಪ್. ಯಾವ ರೈತರ ಮಾಲು, ಎಷ್ಟು ಬಾಕ್ಸು, ಯಾವ ಕೋಣೆ, ಯಾವ ಸಾಲು, ಬಾಡಿಗೆ ಎಷ್ಟಾಯಿತು. ಬಾಕ್ಸಿನ ಮೇಲೆ ಅಂಟಿಸುವ ಚೀಟಿ ಥರ್ಮಲ್ ಪ್ರಿಂಟರ್‌ನಿಂದ ಬರುತ್ತದೆ.

ಪೆಂಟೆ ಅಣ್ಣಾರ ಕಾಗದದ ಕಥೆ ನಮ್ಮದೂ ಹೌದು. ನಮ್ಮ ಸಣ್ಣ ಪ್ರಿಂಟರ್‌ಗೆ ಕನ್ನಡ ಗೊತ್ತೇ ಇಲ್ಲ. ಅದರೊಳಗೆ ಇರುವುದು ಇಂಗ್ಲಿಷ್ ಮತ್ತು ಕೆಲವು ಬೇರೆ ದೇಶದ ಅಕ್ಷರಗಳ ಕೋಷ್ಟಕ. ಹಾಗಾಗಿ ಚೀಟಿಯನ್ನೇ ಚಿತ್ರ ಮಾಡಿ ಕಳಿಸುತ್ತೇವೆ. 58 ಮಿಲಿಮೀಟರ್ ಕಾಗದ, ಅಂಚು ಬಿಟ್ಟು ಅಡ್ಡಕ್ಕೆ 384 ಚುಕ್ಕೆ, ಒಂದು ಮಿಲಿಮೀಟರ್‌ಗೆ 8 ಚುಕ್ಕೆ. ಅಷ್ಟರಲ್ಲಿ ರೈತರ ಹೆಸರು, ಊರು, ಬಾಕ್ಸ್ ಸಂಖ್ಯೆ, ತಾರೀಖು ಕೂರಬೇಕು. ಅಕ್ಷರ ಸಣ್ಣದು ಮಾಡಿದರೆ ಒತ್ತಕ್ಷರ ಕಲಸಿ ಕಪ್ಪು ಚುಕ್ಕೆ ಆಗುತ್ತದೆ. 'ತಿಕೋಟಾ' ಸರಿ ಕಾಣುತ್ತದೆ, ಹೆಸರಿನಲ್ಲಿ 'ಕ್ಷ್ಮೀ' ಬಂದರೆ ಮುಗಿಯಿತು. ಫ್ಲಟರ್ ಅಂಚನ್ನು ನಯವಾಗಿಸಲು ಬೂದು ಬಣ್ಣ ಹಾಕುತ್ತದೆ. ಥರ್ಮಲ್ ಪ್ರಿಂಟರ್‌ಗೆ ಬೂದು ಅಂತ ಒಂದಿಲ್ಲ, ಕಪ್ಪು ಇಲ್ಲವೇ ಬಿಳಿ. ಬೂದು ಚುಕ್ಕೆಯನ್ನು ಎಲ್ಲಿಗೆ ತಳ್ಳಬೇಕು ಅಂತ ನಾನೇ ಒಂದು ಅಂದಾಜು ಹಾಕಿ ಕೋಡ್ ಬರೆದೆ. ಚಳಿಕೋಣೆಯೊಳಗೆ ಹೋಗಿ ಹುಡುಗರಿಗೆ ಚೀಟಿ ತೋರಿಸಿ "ಓದಲು ಬರುತ್ತದೆಯಾ" ಅಂತ ಕೇಳಿ, ಹೊರಗೆ ಬಂದು ಒಂದು ಅಂಕಿ ಬದಲಿಸಿ, ಮತ್ತೆ ಒಳಗೆ ಹೋಗಿ... ಹೀಗೆ ಒಂದು ದಿನವೇ ಹೋಯಿತು. ನಯ ಮಾಡದೆ, ಬರೀ ಕಪ್ಪು ಬಿಳುಪಿನಲ್ಲಿ ಅಕ್ಷರ ಬರೆದು ಕೊಡು ಅಂತ ಎಂಜಿನ್‌ಗೆ ಹೇಳುವ ಒಂದು ಗುಂಡಿ ಬೇಕು. ಜಾಸ್ತಿ ಕೇಳುತ್ತಿಲ್ಲ.

ಇನ್ನೊಂದು ಫಾಂಟಿನ ಮಾತು. ನಮ್ಮ ಆ್ಯಪ್‌ನ ವೆಬ್ ರೂಪವೂ ಇದೆ, ರೈತರು ಫೋನಿನ ಬ್ರೌಸರ್‌ನಲ್ಲಿ ನೋಡುತ್ತಾರೆ. ನೆಟ್‌ವರ್ಕ್ ಕಡಿಮೆ ಇರುವ ಊರಿನಲ್ಲಿ ತೆರೆದರೆ ಮೊದಲು ಬರೀ ಖಾಲಿ ಚೌಕಗಳು. ಯಾಕೆಂದರೆ ಫ್ಲಟರ್ ವೆಬ್ ಆ ಫೋನಿನ ಫಾಂಟ್ ಬಳಸುವುದಿಲ್ಲ, ತನ್ನ ಹತ್ತಿರ ಕನ್ನಡ ಇಲ್ಲದಿದ್ದರೆ ನೋಟೊ ಫಾಂಟನ್ನು ಗೂಗಲ್‌ನಿಂದ ಇಳಿಸಿಕೊಳ್ಳುತ್ತದೆ. ನೋಟೊ ಸ್ಯಾನ್ಸ್ ಕನ್ನಡವನ್ನು ಆ್ಯಪ್‌ನೊಳಗೇ ಸೇರಿಸಿದ ಮೇಲೆ ಸರಿ ಆಯಿತು. ಗೊತ್ತಿದ್ದವರಿಗೆ ಸುಲಭ. ನನಗೆ ಗೊತ್ತಿರಲಿಲ್ಲ. ಆ್ಯಪ್ ಕಟ್ಟುವಾಗಲೇ "ನಿಮ್ಮ ಮಾತುಗಳಲ್ಲಿ ಕನ್ನಡ ಇದೆ, ನಿಮ್ಮ ಫಾಂಟಿನಲ್ಲಿ ಇಲ್ಲ" ಅಂತ ಒಂದು ಸಾಲು ಎಚ್ಚರಿಕೆ ಕೊಟ್ಟಿದ್ದರೆ ಸಾಕಿತ್ತು.

ಕೊನೆಯ ಬೆಂಚು, ಬಾಗಲಕೋಟೆ

ಅಕ್ಕಾರ, ನಿಮ್ಮ 'ಕ್ಷ್ಮೀ' ಓದಿ ನನ್ನದೂ ನೆನಪಾಯಿತು. ನಾನು ಇನ್ನೂ ಓದುತ್ತಿದ್ದೇನೆ, ಏಳನೇ ಸೆಮಿಸ್ಟರ್. ಪ್ರಾಜೆಕ್ಟಿಗೆ ಸ್ವಸಹಾಯ ಸಂಘದ ಆ್ಯಪ್ ಮಾಡಿದೆವು. ಫೋಟೊ ಇಲ್ಲದ ಸದಸ್ಯೆಯರಿಗೆ ಒಂದು ಬಣ್ಣದ ಗೋಲದಲ್ಲಿ ಹೆಸರಿನ ಮೊದಲ ಅಕ್ಷರ ತೋರಿಸಬೇಕು ಅಂತ ಇತ್ತು. ಹೆಸರು ಶ್ರೀದೇವಿ. ಗೋಲದೊಳಗೆ ಬಂದದ್ದು 'ಶ್'. ಯಾರನ್ನೋ ಸುಮ್ನಿರು ಅಂದ ಹಾಗೆ! ಅವರು ನೋಡಿ ಬೇಜಾರು ಮಾಡಿಕೊಂಡರು, ನಮಗೂ ಕೆಟ್ಟದ್ದೆನಿಸಿತು.

ಯಾಕೆ ಹೀಗೆ ಅಂತ ಹುಡುಕಿದೆ. 'ಸ್ತ್ರೀ' ಅನ್ನುವುದನ್ನು ತಗೊಳ್ಳಿ. ನಮ್ಮ ಕಣ್ಣಿಗೆ ಒಂದೇ ಅಕ್ಷರ. ಡಾರ್ಟ್‌ನಲ್ಲಿ ಉದ್ದ ಕೇಳಿದರೆ 6 ಅನ್ನುತ್ತದೆ. ಅಕ್ಷರ ಎಣಿಸುವ ಕ್ಯಾರೆಕ್ಟರ್ಸ್ ಪ್ಯಾಕೇಜು ಹಾಕಿದರೆ 3 ಅನ್ನುತ್ತದೆ: ಸ್, ತ್, ರೀ. ಒಂದು ಅಂತ ಯಾರೂ ಹೇಳುವುದಿಲ್ಲ. ಇದು ಫ್ಲಟರ್‌ನವರ ಕೈಯಲ್ಲಿ ಮಾತ್ರ ಇಲ್ಲ. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನ 15.1 ಆವೃತ್ತಿ 2023ರಲ್ಲಿ ಬಂದಾಗ ಒತ್ತಕ್ಷರವನ್ನು ಒಡೆಯಬಾರದು ಅನ್ನುವ ಹೊಸ ನಿಯಮ ಸೇರಿಸಿದರು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಆ ಪಟ್ಟಿಯಲ್ಲಿದ್ದವು. ಕನ್ನಡ ಇರಲಿಲ್ಲ. ಪಕ್ಕದ ತೆಲುಗಿಗೆ ಇದೆ, ನಮಗಿಲ್ಲ. ಇದನ್ನು ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನ್ನ ಬೇಡಿಕೆ: ಫ್ಲಟರ್‌ನಲ್ಲಿ ಭಾಷೆ ನೋಡಿ ಅಕ್ಷರ ಒಡೆಯುವ ಒಂದು ಫಂಕ್ಷನ್ ಇರಲಿ. ಕನ್ನಡ ಅಂತ ಹೇಳಿದರೆ ಇಡೀ ಅಕ್ಷರ ಕೊಡಲಿ. ಗೋಲಕ್ಕೂ ಅದೇ, ಹೆಸರು ಉದ್ದವಾದರೆ ಕತ್ತರಿಸಿ ಮೂರು ಚುಕ್ಕೆ ಹಾಕುವಾಗಲೂ ಅದೇ.

ಬೆಲ್ಲದ ಪೆಂಟೆ, ಮಹಾಲಿಂಗಪುರ

ತಂಗಿ, ಬಹಳ ಚೆನ್ನಾಗಿ ಬರೆದಿದ್ದೀಯ. ಇದರ ಬೆನ್ನಿಗೇ ಬ್ಯಾಕ್‌ಸ್ಪೇಸ್ ಮಾತನ್ನೂ ಹೇಳಿಬಿಡುತ್ತೇನೆ. ನಮ್ಮ ಗುಮಾಸ್ತರು ನುಡಿ ತಂತ್ರಾಂಶದ ಕಾಲದಿಂದ ಅದರ ಕೆಜಿಪಿ ಕೀಲಿಮಣೆಯಲ್ಲಿ ಕುಟ್ಟುವವರು. ಕೈ ಬಹಳ ಚುರುಕು. 'ಕಿ' ಬದಲು 'ಕೀ' ಬೇಕಾದರೆ ಒಂದು ಸಲ ಬ್ಯಾಕ್‌ಸ್ಪೇಸ್ ಒತ್ತಿ ಗುಣಿತ ಮಾತ್ರ ಅಳಿಸುವುದು ಅವರ ರೂಢಿ. ಫ್ಲಟರ್ ಡೆಸ್ಕ್‌ಟಾಪಿನಲ್ಲಿ ಒಂದೇ ಹೊಡೆತಕ್ಕೆ 'ಕಿ' ಪೂರ್ತಿ ಹೋಗುತ್ತದೆ. ಅದೇ ಆ್ಯಪ್ ಫೋನಿನಲ್ಲಿ ತೆರೆದರೆ ಗುಣಿತ ಮಾತ್ರ ಹೋಗುತ್ತದೆ, ಯಾಕೆಂದರೆ ಅಲ್ಲಿ ಅಳಿಸುವುದು ಫೋನಿನ ಕೀಬೋರ್ಡ್. ಒಂದೇ ಕೋಡ್, ಎರಡು ನಡತೆ. ಗುಮಾಸ್ತರು ಮೂರು ದಿನ ಸಹಿಸಿ ನಾಲ್ಕನೇ ದಿನ ಫೋನ್ ಮಾಡಿದರು: "ಸಾಹೇಬರ, ನಾನು ಒಂದು ತೆಗೆದರೆ ಇದು ಎರಡು ತೆಗೆಯುತ್ತದೆ." ದಿನಕ್ಕೆ ನೂರಾರು ಹೆಸರು ಹಾಕುವವರಿಗೆ ಇದು ಸಣ್ಣ ಮಾತಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ತಂಗಿ ಹೇಳಿದ್ದರಲ್ಲಿ ಇಡೀ ಅಕ್ಷರ ಒಂದು ಆಗಬೇಕು. ನಾನು ಹೇಳುತ್ತಿರುವುದರಲ್ಲಿ ಅಕ್ಷರ ಬಿಡಿ ಬಿಡಿ ಆಗಬೇಕು. ಎರಡೂ ಸರಿ. ಎಣಿಸುವಾಗ, ಕತ್ತರಿಸುವಾಗ, ಬಾಣದ ಗುಂಡಿಯಿಂದ ಮುಂದೆ ಹೋಗುವಾಗ ಇಡೀ ಅಕ್ಷರ. ಹಿಂದಕ್ಕೆ ಅಳಿಸುವಾಗ ಬಿಡಿ ಸಂಕೇತ. ಮುಂದಕ್ಕೆ ಡಿಲೀಟ್ ಒತ್ತಿದರೆ ಮತ್ತೆ ಇಡೀ ಅಕ್ಷರ. ಇಶ್ಯೂ ಹಾಕುವಾಗ ಇದನ್ನು ಬಿಡಿಸಿ ಬರೆಯಬೇಕು, ಇಲ್ಲದಿದ್ದರೆ ಒಂದು ಸರಿ ಮಾಡಲು ಹೋಗಿ ಇನ್ನೊಂದು ಕೆಡಿಸುತ್ತಾರೆ.

ಬೋಲ್ಟು ಸರ, ಸ್ಕಿಯಾದ ಪಿಡಿಎಫ್ ಬಾಗಿಲ ಬಗ್ಗೆ. ಆಸೆ ನನಗೂ ಆಯಿತು. ಆದರೆ ಫ್ಲಟರ್‌ನವರು ಸ್ಕಿಯಾದಿಂದ ತಮ್ಮದೇ ಹೊಸ ಇಂಪೆಲ್ಲರ್ ಕಡೆ ಹೊರಟಿದ್ದಾರೆ. ಐಫೋನಿನಲ್ಲಿ 2023ರಲ್ಲೇ ಅದು ತಾನಾಗಿ ಬಂತು, ಆಂಡ್ರಾಯ್ಡ್‌ಗೆ 2024ರ ಕೊನೆಗೆ. ಬಿಟ್ಟು ಹೊರಟಿರುವ ಮನೆಗೆ ಹೊಸ ಬಾಗಿಲು ಇಡಿ ಅಂತ ಕೇಳಿದರೆ ಯಾರು ಕೇಳುತ್ತಾರೆ? ಗ್ಲಿಫ್ ಪಟ್ಟಿ ಆದರೆ ಚಿತ್ರ ಬರೆಯುವವರು ಯಾರೇ ಇರಲಿ, ಆಕಾರ ಕಟ್ಟುವ ಭಾಗ ಹಾಗೇ ಇರುತ್ತದೆ. ಅದಕ್ಕೇ ನಾನು ಅದನ್ನೇ ಹಿಡಿದು ಕೂತಿದ್ದು.

ಉದ್ಯಮಬಾಗ ಬೋಲ್ಟು, ಬೆಳಗಾವಿ

ಇದು ನನ್ನ ತಲೆಗೆ ಹೊಳೆದಿರಲಿಲ್ಲ. ಒಪ್ಪಿದೆ. ಗ್ಲಿಫ್ ಪಟ್ಟಿಯನ್ನೇ ಕೇಳೋಣ.

ಕ್ಯೂಟಿಗೆ ಬನ್ನಿ ಅಂತ ಯಾರನ್ನೂ ಎಳೆಯುತ್ತಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಲ್ಲಿ ಲೈಸೆನ್ಸ್ ಓದಿಕೊಂಡು ಹೆಜ್ಜೆ ಇಡಬೇಕು. ಎಲ್‌ಜಿಪಿಎಲ್ ಅನ್ನುವ ಅದರ ಪುಕ್ಕಟೆ ಲೈಸೆನ್ಸ್‌ನಲ್ಲಿ ಮಾರುವ ಸಾಫ್ಟ್‌ವೇರ್ ಮಾಡಬಹುದು, ಆದರೆ ಲೈಬ್ರರಿಯನ್ನು ಬೇರೆಯಾಗಿ ಇಡಬೇಕು, ಗಿರಾಕಿ ಬೇಕಾದರೆ ಅದನ್ನು ಬದಲಿಸುವ ಹಾಗಿರಬೇಕು. ದೀರ್ಘಕಾಲ ದುರಸ್ತಿ ಸಿಗುವ ಆವೃತ್ತಿಗಳು 2021ರಿಂದ ದುಡ್ಡು ಕೊಟ್ಟವರಿಗೆ ಮೊದಲು. ಫ್ಲಟರ್‌ನ ಬಿಎಸ್‌ಡಿ ಲೈಸೆನ್ಸ್ ಬಹಳ ಸಲೀಸು. ನಾವಿಬ್ಬರು ಮೂವರು ಕೂತು ಕೆಲಸ ಮಾಡುವ ಅಂಗಡಿಗಳಿಗೆ ಅದು ದೊಡ್ಡ ಬಲ.

ಇಳಕಲ್ ಸೆರಗು

ತಡವಾಗಿ ಬಂದೆ, ಕ್ಷಮಿಸಿ. ನಾನು ಸೀರೆ ಅಂಗಡಿಗಳಿಗೆ, ಮಗ್ಗದವರಿಗೆ ಲೆಕ್ಕ ಬರೆಯುವ ಪ್ರೋಗ್ರಾಂ ಮಾಡುತ್ತೇನೆ. ನನ್ನ ಕಷ್ಟ ಕಂಪ್ಯೂಟರ್‌ಗಳದ್ದು. ಗಿರಾಕಿಗಳ ಹತ್ತಿರ ಇರುವುದು ಹತ್ತು ಹನ್ನೆರಡು ವರ್ಷದ ಹಳೆಯ ಯಂತ್ರ, 4 ಜಿಬಿ ರ‍್ಯಾಮ್, ಕೆಲವರಲ್ಲಿ ಇನ್ನೂ ವಿಂಡೋಸ್ 7. ಮೈಕ್ರೋಸಾಫ್ಟ್ ಅದಕ್ಕೆ 2020ರ ಜನವರಿಯಲ್ಲೇ ಕೈ ಬಿಟ್ಟಿತು, ಗೊತ್ತು. ಕ್ಯೂಟಿ 6ಕ್ಕೂ ವಿಂಡೋಸ್ 10 ಬೇಕು, ಎಲೆಕ್ಟ್ರಾನ್ ಅನ್ನುವ ಇನ್ನೊಂದು ಟೂಲ್‌ಕಿಟ್‌ನಲ್ಲಿ 23ನೇ ಆವೃತ್ತಿಯಿಂದ ವಿಂಡೋಸ್ 7 ಇಲ್ಲ, ಫ್ಲಟರ್‌ಗೂ 10 ಬೇಕು. ಭದ್ರತೆ ದೃಷ್ಟಿಯಿಂದ ಅದು ಸರಿ ಅಂತ ನಾನೂ ಒಪ್ಪುತ್ತೇನೆ, ಹಳೆಯದಕ್ಕೆ ಜೋತು ಬೀಳಿರಿ ಅಂತ ಹೇಳುವುದಿಲ್ಲ. ಆದರೆ ವಿಂಡೋಸ್ 10 ಹಾಕಿದ ಹಳೆಯ ಯಂತ್ರದಲ್ಲಿ ಆ್ಯಪ್ ಹಗುರವಾಗಿ ಓಡಲಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದ, ಡ್ರೈವರ್ ಕೆಟ್ಟ ಯಂತ್ರದ ಮೇಲೆ ಪ್ರತಿ ಆವೃತ್ತಿಯನ್ನೂ ಒಂದು ಸಲ ಓಡಿಸಿ ನೋಡುವ ಪದ್ಧತಿ ಬರಲಿ.

ಇನ್ನೊಂದು ವಿಚಿತ್ರ. ಒಂದು ಅಂಗಡಿಯ ಹಳೆಯ ಗಿರಾಕಿಗಳ ಪಟ್ಟಿ ನುಡಿ ಫಾಂಟಿನಲ್ಲಿತ್ತು, ಯೂನಿಕೋಡ್ ಆಗುವ ಮುಂಚಿನದು. ಒಂದು ಕನ್ವರ್ಟರ್‌ನಿಂದ ಯೂನಿಕೋಡ್ ಮಾಡಿ ಹೊಸ ಆ್ಯಪ್‌ಗೆ ಹಾಕಿದೆ. ಗೋಕಾಕದ ಗಿರಾಕಿಗಳನ್ನು ಹುಡುಕಿದರೆ ಹೊಸದಾಗಿ ಸೇರಿಸಿದವರು ಮಾತ್ರ ಬರುತ್ತಾರೆ, ಹಳಬರು ಬರುವುದಿಲ್ಲ. ಕಣ್ಣಿಗೆ ಎರಡೂ 'ಗೋಕಾಕ'ವೇ. ಬಾಗಲಕೋಟೆಯದ್ದೂ ಇದೇ ಕಥೆ. ಇಂಡಿ, ಬದಾಮಿ ಎಲ್ಲ ಸರಿ ಬರುತ್ತವೆ. ಯಾರಿಗಾದರೂ ಗೊತ್ತಿದೆಯಾ?

ಕೊನೆಯ ಬೆಂಚು, ಬಾಗಲಕೋಟೆ

ಸರ, 'ಗೋ' ಇರುವುದರಿಂದ ಹೀಗೆ. ಓ-ಸ್ವರದ ಗುರುತನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎ-ಗುರುತು, ಊ-ಗುರುತು, ದೀರ್ಘದ ಗುರುತು ಅಂತ ಮೂರು ತುಂಡಾಗಿಯೂ ಬರೆಯಬಹುದು. ಹಳೆಯ ಫಾಂಟಿನಲ್ಲಿ ದೀರ್ಘ ಬೇರೆ ತುಂಡಾಗಿ ಇರುತ್ತಿತ್ತು, ಕನ್ವರ್ಟರ್ ಅದನ್ನು ಹಾಗೇ ತಂದಿರಬೇಕು. ನಿಮ್ಮ ಎರಡು 'ಗೋಕಾಕ'ಗಳ ಉದ್ದ ಪ್ರಿಂಟ್ ಮಾಡಿ ನೋಡಿ. ಒಂದು 5 ಬರುತ್ತದೆ, ಇನ್ನೊಂದು 6 ಅಥವಾ 7 ಬರುತ್ತದೆ. ಯೂನಿಕೋಡ್ ಪ್ರಕಾರ ಎಲ್ಲ ಒಂದೇ, ಆದರೆ ಹೋಲಿಸುವ ಮುಂಚೆ ನಾರ್ಮಲೈಸ್ ಮಾಡಬೇಕು, ಅಂದರೆ ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಜಾವಾ, ಪೈಥಾನ್, ಸಿ ಶಾರ್ಪ್, ಜಾವಾಸ್ಕ್ರಿಪ್ಟ್ ಎಲ್ಲದರಲ್ಲೂ ಅದಕ್ಕೆ ಫಂಕ್ಷನ್ ಜೊತೆಯಲ್ಲೇ ಬರುತ್ತದೆ. ಡಾರ್ಟ್‌ನ ಮೂಲ ಲೈಬ್ರರಿಯಲ್ಲಿ ಇಲ್ಲ, ಹೊರಗಿನ ಪ್ಯಾಕೇಜು ಹಾಕಿಕೊಳ್ಳಬೇಕು. ಇದನ್ನೂ ಬೇಡಿಕೆಗೆ ಸೇರಿಸೋಣ.

ಇಳಕಲ್ ಸೆರಗು

ಈಗಷ್ಟೇ ನೋಡಿದೆ. 5 ಮತ್ತು 7. ಆರು ತಿಂಗಳಿಂದ ಗಿರಾಕಿ ಹೆಸರನ್ನು ಮತ್ತೆ ಮತ್ತೆ ಹೊಸದಾಗಿ ಸೇರಿಸುತ್ತಿದ್ದರು, ಒಬ್ಬರಿಗೇ ಎರಡು ಖಾತೆ ಆಗಿದ್ದವು, ಉದ್ರಿ ಒಂದು ಕಡೆ ಜಮಾ ಇನ್ನೊಂದು ಕಡೆ. ಇವತ್ತು ರಾತ್ರಿ ಕೂತು ಎಲ್ಲ ಒಂದುಗೂಡಿಸುತ್ತೇನೆ. ನಿನಗೆ ಬಹಳ ಉಪಕಾರ ಆಯಿತಮ್ಮಾ.

ಕಿವಿಯ ಓದು, ಬೆಳಗಾವಿ

ಎಲ್ಲರೂ ಕಣ್ಣಿಗೆ ಕಾಣುವ ಅಕ್ಷರದ ಬಗ್ಗೆ ಬರೆದಿದ್ದೀರಿ, ನಾನು ಕೇಳುವ ಅಕ್ಷರದ ಬಗ್ಗೆ ಬರೆಯುತ್ತೇನೆ. ನನಗೆ ಕಣ್ಣು ಕಾಣುವುದಿಲ್ಲ. ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಬಳಸುತ್ತೇನೆ, ಅದರ ಜೊತೆ ಬರುವ ಇ-ಸ್ಪೀಕ್ ದನಿಯಲ್ಲಿ ಕನ್ನಡವೂ ಇದೆ. ದನಿ ಒರಟು, ಆದರೆ ರೂಢಿಯಾದರೆ ಬಹಳ ವೇಗವಾಗಿ ಕೇಳಬಹುದು.

ನಾನು ಒಂದು ಕಚೇರಿಯಲ್ಲಿ ಲೆಕ್ಕ ನೋಡುತ್ತೇನೆ. ಅಲ್ಲಿ ಫ್ಲಟರ್‌ನಲ್ಲಿ ಮಾಡಿದ ಒಂದು ಆ್ಯಪ್ ತಂದರು. ಹೆಸರು, ಗುಂಡಿ, ಪೆಟ್ಟಿಗೆ ಎಲ್ಲ ಓದಿತು. ಕೋಷ್ಟಕಕ್ಕೆ ಬಂದಾಗ ಮಾತ್ರ ಬರೀ ಸಂಖ್ಯೆಗಳ ಸಾಲು: "ನಾಲ್ಕು ಸಾವಿರದ ಎರಡು ನೂರು, ಹದಿನೆಂಟು, ಸೊನ್ನೆ, ಮುನ್ನೂರ ಅರವತ್ತು..." ಯಾವುದು ಜಮಾ, ಯಾವುದು ಖರ್ಚು, ಯಾವುದು ಬಾಕಿ? ಎಕ್ಸೆಲ್‌ನಲ್ಲಿ ಒಂದು ಕೋಣೆಗೆ ಹೋದರೆ ಮೇಲಿನ ಕಾಲಮ್ ಹೆಸರು, ಸಾಲಿನ ಹೆಸರು ಹೇಳುತ್ತದೆ. ಇಲ್ಲಿ ಎಣಿಸಿಕೊಂಡು ಹೋಗಬೇಕು. ಐದನೇ ಕಾಲಮ್ಮಿಗೆ ಬರುವಷ್ಟರಲ್ಲಿ ಒಂದು ತಪ್ಪಿದರೆ ಮತ್ತೆ ಮೊದಲಿಂದ. ನಾನು ಒಂದು ಗಂಟೆಯಲ್ಲಿ ಮುಗಿಸುವ ಕೆಲಸಕ್ಕೆ ಅರ್ಧ ದಿನ ಆಯಿತು. ಕೋಷ್ಟಕ ಅಂದರೆ ಕೋಷ್ಟಕ ಅಂತ ಓದುವ ತಂತ್ರಾಂಶಕ್ಕೆ ಹೇಳುವುದು, ಪ್ರತಿ ಕೋಣೆಗೂ ಅದರ ಕಾಲಮ್ ಹೆಸರು ಕಟ್ಟುವುದು, ಇದು ಎಲ್ಲ ವೇದಿಕೆಗಳಲ್ಲೂ ಒಂದೇ ರೀತಿ ತಾನಾಗಿ ಆಗಬೇಕು. ಮಾಡುವವರು ನೆನಪಿಟ್ಟು ಮಾಡಲಿ ಅಂತ ಬಿಟ್ಟರೆ ಆಗುವುದಿಲ್ಲ.

ವೆಬ್‌ನಲ್ಲಿ ಇನ್ನೂ ಒಂದು. ಫ್ಲಟರ್ ವೆಬ್ ಆ್ಯಪ್ ತೆರೆದಾಗ ಓದುವ ವ್ಯವಸ್ಥೆ ಬಂದ್ ಆಗಿರುತ್ತದೆ. ಕಾಣದ ಒಂದು ಗುಂಡಿ ಇರುತ್ತದೆ, ಅದನ್ನು ಹುಡುಕಿ ಒತ್ತಿದರೆ ಮಾತ್ರ ಚಾಲೂ. ಗೊತ್ತಿಲ್ಲದವರು ಪುಟ ಖಾಲಿ ಇದೆ ಅಂತ ಮುಚ್ಚಿ ಹೋಗುತ್ತಾರೆ. ಕೋಡಿನ ಶುರುವಿನಲ್ಲೇ ಎನ್ಶೂರ್‌ಸಿಮ್ಯಾಂಟಿಕ್ಸ್ ಅಂತ ಒಂದು ಸಾಲು ಕರೆದರೆ ಮೊದಲಿಂದಲೇ ಚಾಲೂ ಇರುತ್ತದೆ. ವಿಜಯಪುರದ ಅಕ್ಕಾರೇ, ನಿಮ್ಮ ವೆಬ್ ಆ್ಯಪ್‌ನಲ್ಲಿ ಆ ಸಾಲು ಇದೆಯಾ ಅಂತ ದಯವಿಟ್ಟು ನೋಡಿ.

ಒಣದ್ರಾಕ್ಷಿ ಲೆಕ್ಕ, ವಿಜಯಪುರ

ಅಣ್ಣಾರ, ಇರಲಿಲ್ಲ. ಈಗ ಹಾಕಿದೆ. ನಾಳೆ ಬೆಳಿಗ್ಗೆ ಹೊಸ ಆವೃತ್ತಿ ಹೋಗುತ್ತದೆ. ನಾವು ಐದು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇವೆ, ಒಬ್ಬರೂ ಇದನ್ನು ಹೇಳಿರಲಿಲ್ಲ. ನಿಮಗೆ ಸಮಯ ಇದ್ದರೆ ನಮ್ಮ ಆ್ಯಪ್ ಒಂದು ಸಲ ಕೇಳಿ ನೋಡುತ್ತೀರಾ? ಎಲ್ಲಿ ಎಡವುತ್ತದೆ ಅಂತ ಹೇಳಿದರೆ ಅಲ್ಲೇ ಸರಿ ಮಾಡುತ್ತೇನೆ.

ಕಿವಿಯ ಓದು, ಬೆಳಗಾವಿ

ಖಂಡಿತ. ರವಿವಾರ ಕೂತು ಕೇಳುತ್ತೇನೆ.

ಬೆಲ್ಲದ ಪೆಂಟೆ, ಮಹಾಲಿಂಗಪುರ

ಈಗ ಮಾತು ಒಂದು ಹದಕ್ಕೆ ಬಂದಿದೆ. ಕೆಲಸ ಹಂಚಿಕೊಳ್ಳೋಣ. ಎಲ್ಲವನ್ನೂ ಒಂದೇ ಇಶ್ಯೂನಲ್ಲಿ ತುರುಕಿದರೆ ಯಾರೂ ಓದುವುದಿಲ್ಲ, ಒಂದಕ್ಕೊಂದು ಬೇರೆ ಇರಲಿ. ಫ್ಲಟರ್‌ನವರು ಇಶ್ಯೂಗೆ ಹೆಬ್ಬೆರಳಿನ (ಲೈಕ್) ಗುರುತು ಎಷ್ಟು ಬಂದಿದೆ ಅಂತ ನೋಡುತ್ತಾರೆ. "ನನಗೂ ಹೀಗೇ" ಅಂತ ಕಾಮೆಂಟ್ ಬರೆಯುವ ಬದಲು ಮೊದಲ ಪೋಸ್ಟಿಗೆ ಹೆಬ್ಬೆರಳು ಒತ್ತಿ. ಮತ್ತೆ, ಯಾರಾದರೂ ಮೊದಲೇ ಹಾಕಿದ್ದರೆ ಹೊಸದು ಬೇಡ, ಅದಕ್ಕೇ ನಮ್ಮ ಉದಾಹರಣೆ ಸೇರಿಸೋಣ.

ಗ್ಲಿಫ್ ಪಟ್ಟಿಯದ್ದು ನಾನು ಬರೆಯುತ್ತೇನೆ, ಬೋಲ್ಟು ಸರ ಒಂದು ಸಲ ತಿದ್ದಿಕೊಡಲಿ. ಬ್ಯಾಕ್‌ಸ್ಪೇಸ್ ಕೂಡ ನನ್ನದು, ಗುಮಾಸ್ತರ ಕೀಲಿಮಣೆಯ ವಿಡಿಯೊ ತೆಗೆದು ಹಾಕುತ್ತೇನೆ, ಅವರು ಒಪ್ಪಿದ್ದಾರೆ. ಕಪ್ಪು ಬಿಳುಪು ಅಕ್ಷರ ಮತ್ತು ಫಾಂಟ್ ಎಚ್ಚರಿಕೆ ಅಕ್ಕಾರದು. ಕೋಷ್ಟಕದ ಓದು ಬೆಳಗಾವಿಯ ಅಣ್ಣಾರದು, ದನಿ ರೆಕಾರ್ಡ್ ಮಾಡಿ ಹಾಕಿದರೆ ಕೇಳಿದವರಿಗೆ ಕೂಡಲೇ ಅರ್ಥ ಆಗುತ್ತದೆ. ನಾರ್ಮಲೈಸ್ ಮತ್ತು ಅಕ್ಷರ ಒಡೆಯುವುದು ತಂಗಿಯದು. ತಂಗಿ, ಇನ್ನೊಂದು ಕೆಲಸ ನಿನಗೆ. ಎಲ್ಲ ಇಶ್ಯೂಗಳಿಗೂ ಒಂದೇ ಪರೀಕ್ಷೆ ಪದಗಳ ಪಟ್ಟಿ ಬೇಕು. ಕನ್ನಡ ಬಾರದ ಎಂಜಿನಿಯರ್ ಕೂಡ ಎಡಗಡೆ ಸರಿಯಾದ ಚಿತ್ರ, ಬಲಗಡೆ ಅವರ ಯಂತ್ರದಲ್ಲಿ ಬಂದದ್ದು ಹೋಲಿಸಿ ನೋಡುವ ಹಾಗಿರಬೇಕು.

ಕೊನೆಯ ಬೆಂಚು, ಬಾಗಲಕೋಟೆ

ಆಗಲಿ ಅಣ್ಣಾರ. ಸದ್ಯಕ್ಕೆ ಇಷ್ಟು ಹಾಕಿದ್ದೇನೆ.

ಶ್ರೀಶೈಲ, ಒಟ್ಟು: ಸಾಮಾನ್ಯ ಒತ್ತಕ್ಷರಕ್ಕೆ. ರಾಷ್ಟ್ರ, ಲಕ್ಷ್ಮೀ: ಎರಡು ಒತ್ತು ಒಂದರ ಕೆಳಗೊಂದು ಬಂದಾಗ ಸಾಲಿನ ಎತ್ತರ ಸಾಲದೆ ಕೆಳಗಿನದು ಕತ್ತರಿಸುತ್ತದೆಯಾ ಅಂತ ನೋಡಲು. ಸೂರ್ಯ ಮತ್ತು ರ‍್ಯಾಂಕ್: ಇವೆರಡರಲ್ಲೂ ರ, ಯ ಕೂಡುತ್ತವೆ, ಆದರೆ ಮೊದಲನೆಯದಕ್ಕೆ ಅರ್ಕಾವತ್ತು, ಎರಡನೆಯದಕ್ಕೆ ಯ-ಒತ್ತು ಬೇಕು. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಒಂದು ಕೂಡಿಸುವ ಸಂಕೇತ ಇರುತ್ತದೆ. ಕೆಲವು ಆ್ಯಪ್‌ಗಳು ಹೆಸರು ಉಳಿಸುವಾಗ ಕಾಣದ್ದನ್ನೆಲ್ಲ ಕಿತ್ತು ಹಾಕುತ್ತವೆ, ಆಗ ರ‍್ಯಾಂಕ್ ಹೋಗಿ ರ್ಯಾಂಕ್ ಆಗುತ್ತದೆ. ಗೋಕಾಕ: ಒಂದು ಸಂಕೇತದ್ದು, ತುಂಡು ಮಾಡಿದ್ದು, ಎರಡೂ. ಸ್ತ್ರೀ: ಎಣಿಸಲು. ಕೃಷ್ಣಾ: ಋ-ಗುರುತು ಮತ್ತು ಒತ್ತು ಪಕ್ಕ ಪಕ್ಕ ಬಂದಾಗ ಜಗಳ ಮಾಡುತ್ತವೆಯಾ ಅಂತ.

ಬೇರೆ ಏನಾದರೂ ಬಿಟ್ಟಿದ್ದೇನಾ?

ಒಣದ್ರಾಕ್ಷಿ ಲೆಕ್ಕ, ವಿಜಯಪುರ

'ವಸ್ತ್ರೋದ್ಯಮ' ಸೇರಿಸು. ಮೂರು ವ್ಯಂಜನದ ಮೇಲೆ ಓ-ಗುರುತು, ಅದರ ಪಕ್ಕದಲ್ಲೇ ಇನ್ನೊಂದು ಒತ್ತು. ಇಳಕಲ್ ಸರ ಅವರಿಗೂ ಬೇಕಾಗುವ ಪದ. ನಮ್ಮ 58 ಮಿಲಿಮೀಟರ್ ಪ್ರಿಂಟರ್‌ನಿಂದ ಇಡೀ ಪಟ್ಟಿಯನ್ನು ಇವತ್ತು ರಾತ್ರಿಯೇ ಎರಡು ಅಳತೆಯಲ್ಲಿ ತೆಗೆದು ಫೋಟೊ ಹಾಕುತ್ತೇನೆ.